ಬೋರಲು ಹಾಕಿದ ಬುಟ್ಟಿಗಳು

ಆ ಬೆಳಿಗ್ಗೆ ಪಿರಿಯಾಪಟ್ಟಣದ ಹಳೇ ಮಾರ್ಕೆಟ್ಟಿನೊಳಗೆ ಇದ್ದವರು ನಾಲ್ಕೇ ಜನ. ಸೊಪ್ಪು ಮಾರುವ ನಮ್ಮ ಸೋದರತ್ತೆ, ಅವಳ ಎದುರಿಗೆ ಬಾಳೆಹಣ್ಣಿನ ಸಾಬರು, ಅತ್ತೆಯ ಹೊರೆ ಇಳಿಸಲು ಹೋಗಿದ್ದ ನಾನು, ಮತ್ತೆ ಟೇಪು, ಸುಣ್ಣದ ಪುಡಿಯ ಚೀಲ ಹಿಡಿದು ಬಂದಿದ್ದ ಕಂಟ್ರಾಕ್ಟರ್ ಕಡೆಯ ಮೇಸ್ತ್ರಿ. ಮಾಡು ಕೆಡವಿ ಸ್ಕೂಟರ್ ನಿಲ್ಲಿಸುವ ಜಾಗ ಮಾಡುತ್ತಾರಂತೆ, ಅದಕ್ಕೆ ಅಳತೆ.

"ಹೆಂಗೂ ಖಾಲಿ ಬಿದ್ದದಲ್ಲಜ್ಜಿ. ಎಲ್ರೂ ರೋಡಿಗೆ ಹೋದ್ರು, ನೀವಿಬ್ರು ಇಲ್ಲೇನ್ ಕಾಯ್ತಿದ್ದೀರಿ?" ಅಂದ ಮೇಸ್ತ್ರಿ.

"ಖಾಲಿನಾ? ಕಣ್ಣು ಮಂಜಾಗಿರಾದು ನಂಗೋ ನಿಂಗೋ? ನಮ್ಮತ್ತೆ ಕೂತಿದ್ದ ಕಲ್ಲು ಕಣಪ್ಪ ಇದು. ಇದ ಬುಟ್ರೆ ನಂಗೆ ಇನ್ನೊಂದಿಲ್ಲ" ಅಂದಳು ಅತ್ತೆ.

ಅವನಿಗೆ ಖಾಲಿ ಕಂಡದ್ದು ತಪ್ಪಲ್ಲ. ಹೆಂಚು ಒಡೆದು ಮಳೆ ಸೋರತೊಡಗಿದ ಮೇಲೆ ಒಬ್ಬೊಬ್ಬರೇ ಎದ್ದು ಬಸ್ಸು ನಿಲ್ಲುವ ರಸ್ತೆಗೆ ಹೋಗಿ ಕೂತಿದ್ದರು. ಆದರೆ ಹೋಗುವಾಗ ಪ್ರತಿಯೊಬ್ಬಳೂ ತನ್ನ ಕಲ್ಲುಕಟ್ಟೆಯ ಮೇಲೆ ಹಳೇ ಬುಟ್ಟಿಯೊಂದನ್ನು ಬೋರಲು ಹಾಕಿ, ಮೇಲೊಂದು ಗುಂಡುಕಲ್ಲಿಟ್ಟು ಹೋಗಿದ್ದಳು. ನಮ್ಮ ಮಾರ್ಕೆಟ್ಟಿನ ಹಳೇ ಕಟ್ಟಳೆ ಇದು. ಬುಟ್ಟಿ ಬೋರಲಿದ್ದರೆ, ಬಾಣಂತನಕ್ಕೋ ಜ್ವರಕ್ಕೋ ಹೋದವಳು ತಿರುಗಿ ಬರುತ್ತಾಳೆ ಎಂದು. ಆ ಜಾಗದಲ್ಲಿ ಯಾರೂ ಕೂರುವುದಿಲ್ಲ. ಅಂಗಾತ ಇದ್ದರೆ, ಜಾಗ ಬಿಟ್ಟುಕೊಟ್ಟಳು ಎಂದು.

ಮೇಸ್ತ್ರಿಗೆ ಇದೆಲ್ಲ ಎಲ್ಲಿ ಗೊತ್ತು? ಕೈ ಖಾಲಿ ಮಾಡಿಕೊಳ್ಳಲು ಪಕ್ಕದ ಕಟ್ಟೆಯ ಗುಂಡುಕಲ್ಲು ಉರುಳಿಸಿದ, ಬುಟ್ಟಿಯನ್ನು ಅಂಗಾತ ಮಾಡಿ ಅದರೊಳಗೆ ಸುಣ್ಣದ ಚೀಲ ಇಟ್ಟ. ಅದು ಬೆಟ್ಟದಪುರದ ಕಡೆಯಿಂದ ಬರುವ ಮೆಣಸಿನಕಾಯಿಯವಳ ಬುಟ್ಟಿ.

ಅತ್ತೆ ಎದ್ದು ನಿಂತಳು. "ಲೇ! ಯಾರ್ ಜಾಗ ಬುಡುಸ್ತಿದ್ದೀಯಲಾ ನೀನು? ಆಯಮ್ಮ ಸತ್ತಿಲ್ಲ ಕಣ್ಲಾ, ರೋಡಲ್ಲಿ ಬಿಸ್ಲು ಕಾಯ್ತಾ ಕೂತವ್ಳೆ!"

"ಬುಟ್ಟಿ ತಾನೆ ಅಜ್ಜಿ..."

"ಬುಟ್ಟಿಯಂತೆ! ನಿನ್ ಮನೆ ಹೊಸ್ಲು ಕಿತ್ತು, ಮರ ತಾನೆ ಅಂದ್ರೆ ಸುಮ್ಕಿದ್ದೀಯಾ?"

ಸಾಬರು ದನಿ ಎತ್ತುವವರಲ್ಲ. ಫೋನ್ ತೆಗೆದು ಮೆಣಸಿನಕಾಯಿಯವಳಿಗೆ ಇಷ್ಟೇ ಕೇಳಿದರು: "ನಿನ್ ಬುಟ್ಟಿ ಅಂಗಾತ ಮಾಡವ್ರೆ ಕಣಮ್ಮ. ನೀನೇ ಹೇಳಿದ್ಯಾ?"

ಅರ್ಧ ಗಂಟೆಯೂ ಆಗಿರಲಿಲ್ಲ. ರಸ್ತೆಯ ಕಡೆಯಿಂದ ತಲೆಯ ಮೇಲೆ ಮಂಕರಿ ಹೊತ್ತ ಹೆಂಗಸರ ಸಾಲೇ ಬಂತು, ಮುಂದೆ ಮೆಣಸಿನಕಾಯಿಯವಳು. ಸುಣ್ಣದ ಚೀಲ ಎತ್ತಿ ಮೇಸ್ತ್ರಿಯ ಕೈಗಿಟ್ಟು, ತನ್ನ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಈಗ ಅಳೀರಿ. ನನ್ನೂ ಸೇರ್ಸಿ ಅಳೀರಿ."

ಅವನು ಟೇಪು ಸುತ್ತಿಕೊಂಡ.

ಉಳಿದ ಹೆಂಗಸರೂ ತಂತಮ್ಮ ಕಟ್ಟೆಗಳ ಮೇಲೆ ಕೂತರು, ಮತ್ತೆ ರಸ್ತೆಗೆ ಹೋಗಲಿಲ್ಲ. ಆ ವಾರ ಟಾರ್ಪಾಲು ಕಟ್ಟಿದೆವು. ಆಮೇಲೆ ಯಾರೋ ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ ಮನೆ ಕೆಡವಿದಾಗ ಅದರ ಹೆಂಚು ತಂದು ನಾವೇ ಹೊದಿಸಿದೆವು. ರಸ್ತೆಯಲ್ಲಿ ಹತ್ತು ಗಂಟೆಗೇ ಬಾಡುತ್ತಿದ್ದ ಸೊಪ್ಪು ಕಲ್ಲಿನ ತಂಪಿಗೆ ಸಂಜೆಯವರೆಗೂ ನಿಂತಿತು. ಗಿರಾಕಿಗಳು ಹುಡುಕಿಕೊಂಡು ಬಂದರು. ಕಂಟ್ರಾಕ್ಟರ್ ಎರಡು ಸಲ ಬಂದ, ತುಂಬಿದ ಕಟ್ಟೆಗಳನ್ನು ನೋಡಿ ವಾಪಸ್ಸು ಹೋದ. ಹಳೇ ಮಾರ್ಕೆಟ್ಟಿನ ಕಾಲ ಮುಗಿಯಿತು ಎನ್ನುವವರು ಈಗಲೂ ಇದ್ದಾರೆ. ಅನ್ನಲಿ. ಮುಗಿಸುವ ಮೊದಲು ನಮ್ಮನ್ನೊಂದು ಮಾತು ಕೇಳಬೇಕಿತ್ತು.

ಹೋದ ಕಾರ್ತೀಕದಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. ಅವಳ ಬುಟ್ಟಿಯನ್ನು ನಾನೇ ಬೋರಲು ಹಾಕಿ ಕಲ್ಲಿಟ್ಟು ಬಂದಿದ್ದೆ. ತಿಂಗಳು ಕಳೆದು ಕರೆದುಕೊಂಡು ಹೋದಾಗ ಮಾರ್ಕೆಟ್ಟು ಕಿಕ್ಕಿರಿದಿತ್ತು; ಹೊಸದಾಗಿ ಬಂದವರು ನೆಲದ ಮೇಲೆ ಗೋಣಿ ಹಾಸಿಕೊಂಡು ಕೂತಿದ್ದರು. ಅತ್ತೆಯ ಕಟ್ಟೆಯ ಮೇಲೆ ಬುಟ್ಟಿ ಹಾಗೇ ಇತ್ತು. ಅವಳು ಕಲ್ಲು ತೆಗೆದು, ಬುಟ್ಟಿ ಪಕ್ಕಕ್ಕೆ ಸರಿಸಿ, ದಂಟಿನ ಸೊಪ್ಪು ಹರಡಿ ಕೂತಳು.