ಒಳಗೆ ಕಾಲಿಡದವಳ ರುಜು

ನಮ್ಮ ಮೇಷ್ಟ್ರ ಹತ್ತಿರ ಬೆತ್ತವಿತ್ತು, ಆದರೆ ಅದು ನನಗಲ್ಲ. ಹೊಲಗೇರಿಯಿಂದ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ. ನನಗೆ ಬೆತ್ತ ತಾಗಿದರೆ ಬೆತ್ತಕ್ಕೆ ಮೈಲಿಗೆ, ಬೆತ್ತದಿಂದ ಅವರ ಕೈಗೆ ಮೈಲಿಗೆ, ಆಮೇಲೆ ಬೆಳಗಿನ ಚಳಿಯಲ್ಲಿ ಅವರು ತಲೆಗೆ ನೀರು ಹಾಕಿಕೊಳ್ಳಬೇಕು. ಯಾಕೆ ಬೇಕು ರಗಳೆ ಅಂತ ಮೇಜಿನ ಮೇಲೆ ಒಂದು ಗುಡ್ಡೆ ಸಣ್ಣ ಕಲ್ಲು ಇಟ್ಟುಕೊಂಡಿದ್ದರು. ನಾನು ಕೂರುತ್ತಿದ್ದದ್ದು ಹೊರಗೆ, ಜಗಲಿಯ ಮೇಲೆ, ಕಿಟಕಿಯ ಪಕ್ಕ. ಮಗ್ಗಿ ತಪ್ಪಿದರೆ ಕುಳಿತಲ್ಲಿಂದಲೇ ಒಂದು ಕಲ್ಲು ಬೀಸುವರು. ಗುರಿಯೋ, ದೇವರಿಗೇ ಪ್ರೀತಿ! ಒಮ್ಮೆ ಅದು ಕಿಟಕಿಯ ಸರಳಿಗೆ ಬಡಿದು ವಾಪಸ್ಸು ಹೋಗಿ ಶಾನುಭೋಗರ ಮಗನ ಹಣೆ ಊದಿಸಿತು. ಅದಕ್ಕೂ ನನಗೇ ಇನ್ನೆರಡು ಕಲ್ಲು.

ಹೀಗೆ ತಪ್ಪಿಸಿಕೊಳ್ಳುತ್ತಲೇ ನಾಲ್ಕನೇ ಕ್ಲಾಸಿಗೆ ಬಂದೆ. ಪರೀಕ್ಷೆಗೆ ಒಂದು ತಿಂಗಳಿತ್ತು. ಪಾಸಾದರೆ ಮದ್ದೂರಿನ ಮಿಡ್ಲ್ ಸ್ಕೂಲು, ಇಲ್ಲವಾದರೆ ಪಟೇಲರ ಕೊಟ್ಟಿಗೆ. ನಮ್ಮವ್ವ ಆಗಲೇ ಅಲ್ಲಿ ಸಗಣಿ ಬಾಚುತ್ತಿದ್ದಳು.

ಶಿವಪುರದ ಗದ್ದಲವಾದ ಮೇಲೆ ಸರ್ಕಾರ ಬೇಡವೆಂದ ಸ್ವರಾಜ್ಯದ ಬಾವುಟ ಕಟ್ಟುವ ಹುಚ್ಚು ನಮ್ಮ ಹನಕೆರೆ ಸುತ್ತಿನ ಹಳ್ಳಿಗಳಿಗೂ ಹಬ್ಬಿತ್ತು. ಒಂದು ಸೋಮವಾರ ನೋಡಿದರೆ ನಮ್ಮ ಶಾಲೆಯ ಹೆಂಚಿನ ಮೇಲೂ ಬಾವುಟ! ಕಟ್ಟಿದವನು ಪಟೇಲರ ಹಿರಿಮಗನೆಂದು ಊರಿಗೆಲ್ಲ ಗೊತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ತಲೆ ಕೆಟ್ಟವರು ಯಾರಿದ್ದರು? ಮದ್ದೂರಿನಿಂದ ಪೊಲೀಸ್ ಪೇದೆ ಸೈಕಲ್ ತುಳಿದುಕೊಂಡು ಬಂದ. "ಯಾರ್ ಮೇಲಾದ್ರೂ ಅನ್ಮಾನ ಅದಾ ಮೇಷ್ಟ್ರೇ?" ಎಂದು ಕೇಳಿದ. ಮೇಷ್ಟ್ರು ಬೆರಳೆತ್ತಿ ಕಿಟಕಿಯತ್ತ ತೋರಿಸಿದರು. ಈ ಸಲ ಗುರಿ ತಪ್ಪಲಿಲ್ಲ.

ಪೇದೆ ಜಗಲಿಗೆ ಬಂದ. "ಏನಮ್ಮೀ, ನೀನೇನಾ ಕಟ್ದೋಳು? ಠಾಣೇಲಿ ನಿನ್ನೆಸ್ರು ಬರುದ್ರೆ ಇಸ್ಕೂಲ್ ಪಟ್ಟೀಲಿ ಅದ್ನ ಒಡುದಾಕ್ತಾರೆ, ಗೊತ್ತಾ?"

ಪಟ್ಟಿಯಲ್ಲಿ ಹೆಸರು ಹೋದರೆ ಪರೀಕ್ಷೆಯೂ ಹೋದಂತೆ. ಅಷ್ಟರಲ್ಲಿ ಸುದ್ದಿ ತಿಳಿದು ಅವ್ವ ಸಗಣಿ ಕೈಯಲ್ಲೇ ಓಡಿ ಬಂದಳು. ಪೇದೆಯ ಕಾಲಿಗೆ ಬೀಳುತ್ತಾಳೆ ಅಂದುಕೊಂಡೆ. ಅವಳು ಸೊಂಟಕ್ಕೆ ಕೈಕೊಟ್ಟು ಹೆಂಚು ನೋಡಿದಳು. ಬಾವುಟದ ಕೋಲು ಬೆಳಕಿಂಡಿಯಿಂದ ಹೊರಬಂದಿತ್ತು.

"ಅದು ಅಟ್ಟದಿಂದ ತೂರ್ಸಿರೋದು. ಅಟ್ಟದ ಏಣಿ ಎಲ್ಲದಮ್ಮಿ?"

"ಒಳ್ಗದೆ ಕಣವ್ವ. ಮೇಷ್ಟ್ರ ನೀರಿನ ಗಡಿಗೆ ತಾವ."

"ಕೇಳುದ್ರಾ ಬುದ್ಧಿ? ಇವ್ಳು ಏಣಿ ಅತ್ತಿದ್ರೆ ಗಡಿಗೆ ಮುಟ್ಕೊಂಡೇ ಅತ್ತಿರ್ಬೇಕು. ಮೇಷ್ಟ್ರು ಬೆಳಿಗ್ಗಿಂದ ಅದೇ ನೀರು ಕುಡುದವ್ರೆ. ಅಂಗಾರೆ ಅವ್ರ ಜಾತಿ ಓಯ್ತಲ್ಲಾ, ಅಯ್ಯೋ ಪಾಪ!"

ಅದೇ ಗಡಿಗೆಯ ನೀರು ಕುಡಿದಿದ್ದ ಶಾನುಭೋಗರ ಮಗ ಎದ್ದು ಬಾಗಿಲಿಗೆ ಓಡಿ ಥೂ ಥೂ ಎಂದು ಉಗಿಯತೊಡಗಿದ. ಅವನ ಹಿಂದೆ ಇನ್ನೂ ನಾಲ್ವರು. ಮೇಷ್ಟ್ರ ಮುಖ ಬಿಳಿಚಿಕೊಂಡಿತು.

"ಛೇ ಛೇ! ಇವಳು ಒಳಗೆ ಬಂದೇ ಇಲ್ಲ! ನಾಲ್ಕು ವರ್ಷದಲ್ಲಿ ಒಂದು ದಿನವೂ ಹೊಸಲು ತುಳಿದಿಲ್ಲ! ದೇವರಾಣೆ!"

ನನ್ನ ಪರವಾಗಿ ಆ ಮನುಷ್ಯ ಆಡಿದ ಮೊದಲ ಮಾತು ಅದು. ಏನು ಆವೇಶ, ಏನು ಕಾಳಜಿ! ವಕೀಲರೂ ಅಷ್ಟು ಬಡಿದಾಡುವುದಿಲ್ಲ.

ಪೇದೆಗೆ ನಗು ತಡೆಯಲಾಗಲಿಲ್ಲ. "ಸರಿ ಬುಡಿ, ಅಂಗೇ ಬರ್ಕೊಡಿ" ಎಂದ. ಈ ಹುಡುಗಿ ಶಾಲೆಯ ಒಳಗೆ ಎಂದೂ ಕಾಲಿಟ್ಟಿಲ್ಲ, ಇದಕ್ಕೆ ಅವಳ ಒಪ್ಪಿಗೆಯೂ ಇದೆ ಎಂದು ಮೇಷ್ಟ್ರು ಬರೆದು, ಕಾಗದವನ್ನು ನನ್ನ ಮುಂದೆ ಜಗಲಿಯ ಮೇಲೆ ಬಿಸಾಕಿದರು. ಪೇದೆ ಹೆಬ್ಬೆಟ್ಟು ಒತ್ತಿಸಲು ಮಸಿ ತೆಗೆದ. ನನಗೆ ರೇಗಿಹೋಯಿತು.

"ನಂಗೆ ರುಜು ಹಾಕಾಕೆ ಬತ್ತದೆ" ಎಂದೆ.

ಕೊಂಬು, ಒತ್ತು, ಯಾವುದನ್ನೂ ಬಿಡದೆ, ದುಂಡಗೆ ನನ್ನ ಹೆಸರು ಬರೆದೆ. ಪೇದೆ ಬಗ್ಗಿ ನೋಡಿದ.

"ಪರ್ವಾಗಿಲ್ವೆ! ಎಲ್ಲಮ್ಮಿ ಕಲ್ತೆ ಇದಾ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಇಲ್ಲೇ ಎನ್ನಲು ಬಾಯಿ ತೆರೆದೆ. ಅವ್ವ ನನ್ನ ತೋಳು ಚಿವುಟಿದಳು. ಇಲ್ಲೇ ಅಂದರೆ ಆ ಕಾಗದದ ಮೇಲೆ ಮತ್ತೆ ಅನುಮಾನ ಏಳುತ್ತಿತ್ತು.

ಶಾಲೆಯ ಪಟ್ಟಿಯಲ್ಲಿ ಹೆಸರು ಉಳಿಯಿತು. ಅವ್ವ ಕೇರಿಯವರೆಗೂ ನಕ್ಕಳು. ನನಗೆ ನಗು ಬರಲಿಲ್ಲ. ಆ ಒಪ್ಪಿಗೆಯನ್ನು ಅಷ್ಟು ಚೆಂದವಾಗಿ ಬರೆದುಕೊಟ್ಟಿತಲ್ಲ ಎಂದು ನನ್ನ ಕೈಯ ಮೇಲೇ ಸಿಟ್ಟು ಬಂದಿತ್ತು.