ನಲವತ್ತು ಸೆಕೆಂಡು ಮುಂದಿದ್ದ ಮನೆ

ಆ ದಿನಗಳಲ್ಲಿ ಬೆಳಿಗ್ಗೆ ಏಳು ಗಂಟೆಯಾಯಿತೆಂದರೆ ನನ್ನ ಫೋನು ಭವಿಷ್ಯ ಹೇಳಲು ಶುರುಮಾಡುತ್ತಿತ್ತು. ಮಲೇಷ್ಯಾದ ಪುಚೊಂಗ್‌ನಲ್ಲಿ ಹದಿನಾಲ್ಕನೇ ಮಹಡಿಯ ಮನೆಯಲ್ಲಿ ನಾನೊಬ್ಬಳೇ ಕಾಫಿ ಹಿಡಿದು ಟಿವಿಯ ಎದುರು ಕೂತಿರುತ್ತಿದ್ದೆ. ಪರದೆಯ ಮೇಲೆ ಅಮೆರಿಕದ ಬೇಸ್‌ಬಾಲ್. ಚೆಂಡೆಸೆಯುವ ಪಿಚರ್ ಇನ್ನೂ ಅದನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿರುವಾಗಲೇ ಫೋನಿನಲ್ಲಿ ‘ಹೋಯ್ತು’ ಎಂದು ಬರುತ್ತಿತ್ತು. ನಲವತ್ತು ಸೆಕೆಂಡು ಕಳೆಯುವಷ್ಟರಲ್ಲಿ ನಮ್ಮ ಆಟಗಾರ ಔಟಾಗಿ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದ. ‘ಬಂತು’ ಎಂದಿದ್ದರೆ ರನ್ ಬರುತ್ತಿತ್ತು. ಒಂದು ಸಲವೂ ತಪ್ಪಿದ್ದಿಲ್ಲ.

ಇದರಲ್ಲಿ ಮಾಟಮಂತ್ರವೇನೂ ಇರಲಿಲ್ಲ. ಪ್ರತಿ ಪಂದ್ಯವನ್ನೂ ಎರಡು ಚಾನೆಲ್‌ಗಳು ತೋರಿಸುತ್ತವೆ, ಆಡುವ ಎರಡು ಊರುಗಳ ಒಂದೊಂದು ಸ್ಥಳೀಯ ಚಾನೆಲ್. ಮೆಸೇಜು ಕಳಿಸುವವರು ನಮ್ಮ ತಂಡದ ಚಾನೆಲ್ ನೋಡುತ್ತಿದ್ದರು, ನಾನು ಎದುರಾಳಿಗಳದ್ದು. ಅವರದ್ದು ಬೇಗ ಬಂದು ಮುಟ್ಟುತ್ತಿತ್ತು, ನನ್ನದು ತೆವಳಿಕೊಂಡು ಬರುತ್ತಿತ್ತು. ಕಾರಣ ಗೊತ್ತಿದ್ದೂ, ಆಗಿಹೋದದ್ದನ್ನು ಇನ್ನೇನು ಆಗಲಿದೆ ಎಂಬಂತೆ ಕಾಯುವಾಗ ಕಾಫಿ ಕುಡಿಯುವುದನ್ನೇ ಮರೆಯುತ್ತಿದ್ದೆ.

ಅದು ಲಾಕ್‌ಡೌನಿನ ಮೊದಲ ವರ್ಷ. ಅಲ್ಲಿಯ ಸ್ಟೇಡಿಯಂ ಖಾಲಿ. ಸೀಟುಗಳಲ್ಲಿ ಅಭಿಮಾನಿಗಳ ಫೋಟೋ ಅಂಟಿಸಿದ ರಟ್ಟಿನ ಮನುಷ್ಯರನ್ನು ಕೂರಿಸಿದ್ದರು. ತಂಡ ಸೋತರೂ ಅವರೆಲ್ಲ ನಗುತ್ತಲೇ ಇರುತ್ತಿದ್ದರು. ಜನರ ಗದ್ದಲವನ್ನು ಯಂತ್ರದಿಂದ ಹಾಕುತ್ತಿದ್ದರು, ಕೆಲವೊಮ್ಮೆ ಹೊಡೆತಕ್ಕಿಂತ ಮೊದಲೇ ಚಪ್ಪಾಳೆ ಬೀಳುತ್ತಿತ್ತು. ಕಿಟಕಿಯಿಂದ ಇಣುಕಿದರೆ ನಮ್ಮ ಹೆದ್ದಾರಿಯೂ ಖಾಲಿ. ಈಜುಕೊಳಕ್ಕೆ ಕೆಂಪು ಬಿಳಿ ಟೇಪು ಸುತ್ತಿದ್ದರು. ಲಿಫ್ಟಿನ ನಾಲ್ಕು ಮೂಲೆಗಳಲ್ಲಿ ಹಳದಿ ಪಾದದ ಗುರುತುಗಳು, ಯಾರೋ ನಾಲ್ವರು ಗೋಡೆಗೆ ಮುಖ ಮಾಡಿ ನಿಂತು ಮಾಯವಾದಂತೆ.

ಮೆಸೇಜು ಕಳಿಸುತ್ತಿದ್ದವರು ಬಾಂಗ್ಸಾರ್‌ನ ಒಬ್ಬ ಹಿರಿಯರು. ಮಂಗಳೂರಿನ ಕ್ರೈಸ್ತರು, ವಿಮಾ ಕಂಪನಿಯಿಂದ ನಿವೃತ್ತರಾದವರು. ನಾನು ಅಂಕಲ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಆಂಟಿ. ನಾನು ಮೈಸೂರಿನವಳು, ಸಾಫ್ಟ್‌ವೇರ್ ಕೆಲಸಕ್ಕೆಂದು ಇಲ್ಲಿಗೆ ಬಂದವಳು. ಅದಕ್ಕೂ ಮೊದಲು ಎರಡು ವರ್ಷ ಅಮೆರಿಕದ ಒಂದು ಊರಿನಲ್ಲಿದ್ದೆ. ಅದೇ ಊರಿನಲ್ಲಿ ಅಂಕಲ್ ನನಗಿಂತ ಬಹಳ ಹಿಂದೆ ಹನ್ನೊಂದು ವರ್ಷ ಕಳೆದಿದ್ದರು. ಆ ಊರಿನ ತಂಡ ಸೋಲುವುದಕ್ಕೇ ಹುಟ್ಟಿದ್ದು. ಲಾಕ್‌ಡೌನಿಗೆ ಮುಂಚೆ, ಇಲ್ಲಿಯ ಕನ್ನಡದವರ ಒಂದು ಯುಗಾದಿ ಊಟಕ್ಕೆ ನಾನು ಅದರ ಟೋಪಿ ಹಾಕಿಕೊಂಡು ಹೋಗಿದ್ದೆ. ಹೋಳಿಗೆಯ ಸಾಲಿನಲ್ಲಿ ಹಿಂದೆ ನಿಂತಿದ್ದ ಅಂಕಲ್, “ಈ ಟೊಪ್ಪಿ ಹಾಕಿ ತಿರುಗ್ಲಿಕ್ಕೆ ಧೈರ್ಯ ಬೇಕು ಮಾರಾಯ್ತಿ” ಎಂದರು. ಹಾಗೆ ಶುರುವಾಯಿತು.

ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಬಾಂಗ್ಸಾರ್‌ನ ಒಂದು ಮಾಮಾಕ್ ಅಂಗಡಿಯಲ್ಲಿ, ಎಂದರೆ ತಮಿಳು ಮುಸ್ಲಿಮರ ಚಹಾ ಹೋಟೆಲಿನಲ್ಲಿ, ಸೇರುವುದು ರೂಢಿಯಾಯಿತು. ನೊರೆ ಚಹಾ, ರೊಟ್ಟಿ, ಬೇಳೆ ಸಾರು, ಅದರ ಜೊತೆ ಜಗಳ. ಆಂಟಿ ಪಕ್ಕದಲ್ಲಿ ಕೂತು ಪೇಪರಿನ ಪದಬಂಧ ತುಂಬುತ್ತಿದ್ದರು. ಅವರಿಗೆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ನಾವು ತಂದೆ ಮಗಳು, ಆಸ್ತಿಗಾಗಿ ಕಿತ್ತಾಡುತ್ತಿದ್ದೇವೆ ಎಂದು ಅಂಗಡಿಯ ಯಜಮಾನರು ಬಹಳ ದಿನ ನಂಬಿದ್ದರಂತೆ.

ಜಗಳಕ್ಕೆ ಎರಡು ವಿಷಯ. ಒಂದು, ತಂಡದ ಮ್ಯಾನೇಜರ್. ಯಾವ ಪಿಚರ್ ಎಲ್ಲಿಯವರೆಗೆ ಎಸೆಯಬೇಕು ಎಂದು ತೀರ್ಮಾನಿಸುವವನು ಅವನೇ. ಚೆನ್ನಾಗಿ ಎಸೆಯುತ್ತಿರುವವನನ್ನು ಕಂಪ್ಯೂಟರಿನ ಲೆಕ್ಕ ನೋಡಿ ನಡುವೆಯೇ ಎಬ್ಬಿಸಿಬಿಡುತ್ತಿದ್ದ. ಮನುಷ್ಯನ ಮುಖ ನೋಡಲು ಬಾರದವನು ಎಂದು ನಾನು ಬಯ್ಯುತ್ತಿದ್ದೆ. ಅಂಕಲ್‌ಗೆ ಅವನೆಂದರೆ ದೇವರು. ಕೆಡುವ ಮೊದಲೇ ಎಬ್ಬಿಸುವುದೇ ಜಾಣತನ, ವಿಮೆಯಲ್ಲಿ ತಾನು ಜೀವಮಾನವಿಡೀ ಮಾಡಿದ್ದೂ ಅದನ್ನೇ ಎನ್ನುತ್ತಿದ್ದರು.

ಎರಡನೆಯದು ಟಿವಿ ಒಪ್ಪಂದ. ಇದರಲ್ಲಿ ನನಗೆ ನಿಜವಾಗಿ ಸಿಟ್ಟಿತ್ತು. ತಂಡದ ಮಾಲೀಕರು ಪ್ರಸಾರದ ಹಕ್ಕನ್ನು ಒಂದು ಸ್ಥಳೀಯ ಚಾನೆಲ್‌ಗೆ ಎಷ್ಟೋ ವರ್ಷಗಳಿಗೆ ಬರೆದುಕೊಟ್ಟಿದ್ದರು. ಆ ಚಾನೆಲ್‌ಗೂ ಕೇಬಲ್ ಕಂಪನಿಗಳಿಗೂ ಜಟಾಪಟಿಯಾಗಿ ಅರ್ಧ ಊರಿಗೆ ಚಾನೆಲ್ಲೇ ಬರುತ್ತಿರಲಿಲ್ಲ. ಇಂಟರ್ನೆಟ್ಟಿನಲ್ಲಿ ನೋಡೋಣವೆಂದರೆ ತಂಡದ ಸ್ವಂತ ಸೀಮೆಯೊಳಗೆ ಅದಕ್ಕೆ ನಿಷೇಧ. ಬ್ಲ್ಯಾಕೌಟ್ ಎನ್ನುತ್ತಾರೆ. ಅಲ್ಲಿ ನಾನಿದ್ದ ಬಾಡಿಗೆ ಮನೆಯ ಒಡತಿ ಎಂಬತ್ತು ದಾಟಿದವಳು. ಅವಳ ಅಡುಗೆಮನೆಯ ಕಿಟಕಿಯಲ್ಲಿ ಸ್ಟೇಡಿಯಮ್ಮಿನ ದೀಪ ಕಾಣುತ್ತಿತ್ತು, ಜನರ ಕೂಗೂ ಕೇಳುತ್ತಿತ್ತು. ಆಟ ಮಾತ್ರ ಕಾಣುತ್ತಿರಲಿಲ್ಲ. ಅರ್ಧ ಭೂಮಿ ಸುತ್ತಿ ಬಂದು ಪುಚೊಂಗ್‌ನಲ್ಲಿ ಕೂತ ನನಗೆ ಪ್ರತಿಯೊಂದು ಪಂದ್ಯವೂ ಕಾಣುತ್ತಿತ್ತು. ಹತ್ತಿರದವರಿಗೆ ಕತ್ತಲೆ, ದೂರದವರಿಗೆ ಬೆಳಕು. ಅದಕ್ಕೇ ಆ ಚಾನೆಲ್ ನೋಡುವುದಿಲ್ಲ ಎಂದು ಶಪಥ ಮಾಡಿ ಎದುರಾಳಿಗಳ ಚಾನೆಲ್ ಹಿಡಿದಿದ್ದೆ. ನನ್ನ ಶಪಥದಿಂದ ಆ ಚಾನೆಲ್ಲಿನ ಕೂದಲೂ ಕೊಂಕಲಿಲ್ಲ. ನಾನು ನಲವತ್ತು ಸೆಕೆಂಡು ಹಿಂದೆ ಬಿದ್ದೆ, ಅಷ್ಟೇ.

ಅಂಕಲ್ ಒಪ್ಪುತ್ತಿರಲಿಲ್ಲ. ಆ ಹಣವಿಲ್ಲದಿದ್ದರೆ ತಂಡವೇ ಬೇರೆ ಊರಿಗೆ ಹೋಗುತ್ತಿತ್ತು ಎನ್ನುವುದು ಅವರ ವಾದ. ಅವರು ನನ್ನ ಮಾತಿಗೆ ‘ಹೌದು’ ಎಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಕಾಶ ನೀಲಿ ಎಂದರೂ, ಯಾವ ಚಾನೆಲ್‌ನಲ್ಲಿ ಎಂದು ಕೇಳುವ ಗಿರಾಕಿ.

ಒಂದು ಶನಿವಾರ ಮಾತು ಎಲ್ಲಿಗೋ ಹೊರಳಿ ನನ್ನ ನಾಲಿಗೆಯ ಕಥೆ ಹೇಳಿಕೊಂಡಿದ್ದೆ. ನನ್ನ ನಾಲಿಗೆಯ ಮೇಲೊಂದು ಕಪ್ಪು ಮಚ್ಚೆಯಿದೆ. ನನ್ನದು ಕರಿನಾಲಿಗೆ, ಆಡಿದ್ದು ಆಗಿಬಿಡುತ್ತದೆ ಎಂದು ಅಜ್ಜಿ ಹೆದರುತ್ತಿದ್ದಳು. ಎಂಟನೇ ವಯಸ್ಸಿನಲ್ಲಿ ಪಕ್ಕದ ಮನೆಯವರಿಗೆ ಸಿಟ್ಟಿನಲ್ಲಿ ಏನೋ ಅಂದಿದ್ದೆ, ಅದು ಹಾಗೇ ಆಗಿತ್ತು. ಇಂಜಿನಿಯರಿಂಗ್ ಓದಿದರೂ ಆ ಹೆದರಿಕೆ ಪೂರ್ತಿ ಹೋಗಿಲ್ಲ ಎಂದೆ. ಅಂಕಲ್ ನಗಲಿಲ್ಲ. “ಹಾಗಾದ್ರೆ ನಮ್ಮ ತಂಡ ಗೆಲ್ತದೆ ಅಂತ ಒಮ್ಮೆ ಹೇಳು ನೋಡುವ” ಎಂದರು. ಹೇಳಿದೆ. ಅಂದೂ ಸೋತರು.

ಎರಡನೇ ವರ್ಷ ಅಮೆರಿಕದ ಸ್ಟೇಡಿಯಂಗಳಿಗೆ ಜನ ಮರಳಿದರು, ನಮ್ಮಲ್ಲಿ ಮಾತ್ರ ಮತ್ತೆ ಎಲ್ಲ ಮುಚ್ಚಿತು. ಪುಚೊಂಗ್ ಇರುವುದು ಒಂದು ರಾಜ್ಯದಲ್ಲಿ, ಬಾಂಗ್ಸಾರ್ ಇರುವ ಕೌಲಾಲಂಪುರ ಅದರ ಹೊರಗೆ. ಮೊದಲು ಅರ್ಧ ಗಂಟೆಯ ದಾರಿಯಾಗಿದ್ದದ್ದು ಈಗ ಪೊಲೀಸರು ನಿಂತ ಗಡಿಯಾಯಿತು. ಆ ವಾರ ನನಗೆ ಅಮೆರಿಕದಿಂದ ಒಂದು ಪತ್ರ ಬಂತು. ಮನೆಯೊಡತಿ ತೀರಿಕೊಂಡಿದ್ದಳು. ಕೊನೆಯವರೆಗೂ ರೇಡಿಯೋ ಕಿವಿಗಿಟ್ಟುಕೊಂಡೇ ಇದ್ದಳು ಎಂದು ಅವಳ ತಂಗಿಯ ಮಗಳು ಬರೆದಿದ್ದಳು.

ನಾನು ಅಂಕಲ್‌ಗೆ ಫೋನ್ ಮಾಡಿದೆ. ಅಳಬೇಕಿತ್ತು, ಅದರ ಬದಲು ಒಪ್ಪಂದದ ಜಗಳ ತೆಗೆದೆ. ಅವರು ಕೆಮ್ಮುತ್ತಿದ್ದರು. ವಾದದಲ್ಲಿ ಸೋಲುವಾಗ ಮಾಡುವ ನಾಟಕ ಎಂದುಕೊಂಡೆ. “ಒಂದು ಮನೆಗೆ ಕಾಣುದಿಲ್ಲ ಅಂತ ಇಡೀ ತಂಡವನ್ನು ಮುಳುಗಿಸ್ಲಿಕ್ಕೆ ಆಗ್ತದಾ?” ಎಂದರು. ನನ್ನ ಮೈಯೆಲ್ಲ ಉರಿಯಿತು.

“ನಿಮಗೂ ಒಂದು ದಿನ ನಿಮ್ಮವರ ಮುಖ ತೋರಿಸದೆ ಬಾಗಿಲು ಹಾಕ್ತಾರೆ ಅಂಕಲ್. ಆವತ್ತು ಗೊತ್ತಾಗುತ್ತೆ ನಿಮಗೆ” ಎಂದೆ.

ಅವರು ಇನ್ನೊಮ್ಮೆ ಕೆಮ್ಮಿ, ಸರಿ ಎಂದು ಫೋನಿಟ್ಟರು. ಇಟ್ಟ ಮರುಕ್ಷಣವೇ ಕನ್ನಡಿಯ ಮುಂದೆ ಹೋಗಿ ನಾಲಿಗೆ ಚಾಚಿ ಮಚ್ಚೆ ನೋಡಿಕೊಂಡೆ. ಇದ್ದಲ್ಲೇ ಇತ್ತು.

ಎರಡು ದಿನ ಮೆಸೇಜು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ‘ಬಂತು’ ಎಂದು ಬಂತು. ನನ್ನ ಜೀವವೇ ಮರಳಿದಂತಾಯಿತು. ಮುನಿಸು ಮುಗಿಯಿತು, ಕ್ಷಮೆ ಕೇಳುವ ಕಷ್ಟವೂ ತಪ್ಪಿತು ಎಂದುಕೊಂಡು ಪರದೆ ನೋಡುತ್ತಾ ಎಣಿಸಿದೆ. ನಲವತ್ತಾಯಿತು, ಐವತ್ತಾಯಿತು. ರನ್ ಬರಲಿಲ್ಲ. ಯಾರೋ ಹೊಡೆದ ಚೆಂಡು ಗೆರೆಯಾಚೆ ಹೋಗಿ ವ್ಯರ್ಥವಾಯಿತು, ಅಷ್ಟೇ.

ಮರುದಿನವೂ, ಆ ವಾರವಿಡೀ ಹಾಗೆಯೇ. ‘ಹೋಯ್ತು’ ಎಂದು ಬರುತ್ತಿತ್ತು, ಪರದೆಯಲ್ಲಿ ಯಾರೂ ಔಟಾಗುತ್ತಿರಲಿಲ್ಲ. ಆಟ ನಿಂತು ವಿರಾಮದ ಫಲಕ ತೋರಿಸುವಾಗಲೂ ‘ಬಂತು’ ಎಂದು ಬರುತ್ತಿತ್ತು. ಏನು ಬಂತು? ಮನೆಯಲ್ಲಿ ಬೇರೆ ಯಾರೂ ಇಲ್ಲದ ಬೆಳಗು ನನ್ನದು. ಆ ಪದ ಓದಿ ಬಾಗಿಲ ಕಡೆ ನೋಡಿದ್ದೂ ಉಂಟು. ಕೆಲವು ಸಲ ಸರಿಯಾಗಿಯೂ ಇರುತ್ತಿತ್ತು, ಅದೇ ಹೆಚ್ಚು ದಿಗಿಲು ಹುಟ್ಟಿಸುತ್ತಿತ್ತು. ಅವರು ನೋಡುತ್ತಿರುವುದು ನಾನು ನೋಡುತ್ತಿರುವ ಆಟವೇ ಅಲ್ಲವೇನೋ ಎನಿಸತೊಡಗಿತು.

ಮ್ಯಾನೇಜರ್ ಆ ಪಿಚರನ್ನು ಎಬ್ಬಿಸಿದ್ದು ಯಾಕೆ ಎಂದು ಕೆಣಕಿ ಬರೆದೆ. ಎರಡು ಪುಟ ಉತ್ತರ ಬರಬೇಕಿತ್ತು. ‘ಒಳ್ಳೇದು ಮಾಡಿದ’ ಎಂದಷ್ಟೇ ಬಂತು. ಅಂದು ಮ್ಯಾನೇಜರ್ ಯಾರನ್ನೂ ಎಬ್ಬಿಸಿರಲಿಲ್ಲ, ಬೇಕೆಂದೇ ಸುಳ್ಳು ಬರೆದಿದ್ದೆ. ಹತ್ತು ನಿಮಿಷ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟೆ. ಆಮೇಲೆ ಬರೆದೆ: ಆ ಟಿವಿ ಒಪ್ಪಂದ ತಪ್ಪು, ಈಗಲಾದರೂ ಒಪ್ಪಿಕೊಳ್ಳಿ.

ಉತ್ತರ ಬಂತು. ‘ಹೌದು ಮಗಾ. ನೀನು ಹೇಳಿದ್ದೇ ಸರಿ.’

ಬೆಳಗಿನ ಎಂಟೂವರೆ, ಕಿಟಕಿಯ ತುಂಬ ಬಿಸಿಲು. ಮತ್ತೊಮ್ಮೆ ಓದಿದೆ. ಈ ಜನ್ಮದಲ್ಲಿ ಅಂಕಲ್ ಆ ಮಾತು ಬರೆಯುವವರಲ್ಲ. ಅವರ ಹೆಸರಿನಡಿ, ಅವರ ಫೋಟೋದ ಕೆಳಗೆ, ಅವರಲ್ಲದ ಯಾರೋ ಕೂತು ನನ್ನ ಜೊತೆ ಆಟ ನೋಡುತ್ತಿದ್ದರು.

ಫೋನ್ ಮಾಡಿದೆ. ಎರಡು ಸಲ ಕಟ್ ಆಯಿತು. ಮೂರನೇ ಸಲ ಎತ್ತಿದ್ದು ಆಂಟಿ. ನಾನು ಏನೂ ಕೇಳುವ ಮೊದಲೇ ಅವರು ಅಳಲು ಶುರುಮಾಡಿದರು.

ನಾನು ಜಗಳವಾಡಿದ ಮರುದಿನ ಬೆಳಿಗ್ಗೆಯೇ ಅಂಕಲ್‌ರನ್ನು ಆಂಬುಲೆನ್ಸ್ ಬಂದು ಒಯ್ದಿತ್ತಂತೆ. ಕೊರೊನಾ. ಒಂದು ವಾರದಿಂದ ಉಸಿರಾಟದ ಯಂತ್ರದ ಮೇಲಿದ್ದರು. ಆಂಟಿಯನ್ನು ಆಸ್ಪತ್ರೆಯ ಗೇಟಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ. ತಮ್ಮ ಮನೆಯ ಮಹಡಿಯಿಂದ ನೋಡಿದರೆ ಆಸ್ಪತ್ರೆಯ ಕಟ್ಟಡ ಕಾಣುತ್ತದೆ, ಅವರ ಮುಖ ಕಾಣುವುದಿಲ್ಲ ಎಂದರು. ನಾನಂದ ಮಾತು ಅಕ್ಷರಕ್ಕೆ ಅಕ್ಷರ ಹಾಗೆಯೇ ನಡೆದಿತ್ತು.

ಮತ್ತೆ ಈ ಮೆಸೇಜುಗಳು ಯಾಕೆ ಆಂಟಿ ಎಂದು ಕೇಳಿದೆ.

“ಅವರೇ ಹೇಳಿ ಹೋದದ್ದು. ಸಣ್ಣ ಹಳೇ ಫೋನು ತಗೊಂಡು ಹೋದ್ರು, ಇದನ್ನು ನನ್ನ ಕೈಗೆ ಕೊಟ್ರು. ‘ಅವಳಿಗೆ ಗೊತ್ತಾಗ್ಬಾರ್ದು, ತನ್ನ ನಾಲಿಗೆಯಿಂದ ಆಯ್ತು ಅಂತ ತಿಳ್ಕೊಳ್ತಾಳೆ ಹುಡುಗಿ. ಬೆಳಿಗ್ಗೆ ಟಿವಿ ಹಾಕಿ ಎರಡು ಶಬ್ದ ಕಳಿಸ್ತಾ ಇರು’ ಅಂದ್ರು. ನನಗೆ ಆಟ ಎಲ್ಲಿ ಅರ್ಥ ಆಗ್ತದೆ ಮಗಾ. ಜನ ಕೂಗಿದ್ರೆ ಬಂತು, ಇಲ್ಲದಿದ್ರೆ ಹೋಯ್ತು ಅಂತ ಬರೀತಿದ್ದೆ.”

ಆ ಮನುಷ್ಯ ಸ್ಟ್ರೆಚರಿನ ಮೇಲೆ ಮಲಗಿ ಯೋಚಿಸಿದ್ದು ಇದನ್ನು. ಕೆಡುವ ಮೊದಲೇ ನೋಡಿಕೊಳ್ಳುವ ವಿಮೆಯವರ ಬುದ್ಧಿ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಹಿಡಿಸಲಾರದಷ್ಟು ಪ್ರೀತಿ ಬಂತು.

ಮರುದಿನದಿಂದ ಶಪಥ ಮುರಿದು ನಮ್ಮ ತಂಡದ ಚಾನೆಲ್ಲನ್ನೇ ಹಾಕಿದೆ. ಆಂಟಿ ಅಲ್ಲಿ, ನಾನಿಲ್ಲಿ, ನಡುವೆ ಸ್ಪೀಕರ್ ಫೋನು. ಯಾರು ಔಟು, ಯಾರು ಓಡಿದ ಎಂದು ಹೇಳಿಕೊಟ್ಟೆ. ಅಂಕಲ್ ಕಣ್ಣು ಬಿಟ್ಟ ದಿನ ಮೊದಲು ಕ್ಷಮೆ ಕೇಳುವುದು, ಆಮೇಲೆ ಮ್ಯಾನೇಜರ್ ವಿಷಯ ಎತ್ತುವುದು ಎಂದು ಮನಸ್ಸಿನಲ್ಲೇ ಸಾಲು ಹಚ್ಚಿಟ್ಟುಕೊಂಡಿದ್ದೆ. ಐದು ಪಂದ್ಯ ನೋಡಿದೆವು. ಆರನೆಯದರ ನಡುವೆ ಆಂಟಿಯ ಇನ್ನೊಂದು ಫೋನು ಬಡಿದುಕೊಂಡಿತು. ಹಿನ್ನೆಲೆಯಲ್ಲಿ ಜನ ಕೂಗುತ್ತಿದ್ದರು, ಆಂಟಿ ಟಿವಿ ಆರಿಸಿದರು. ನಾನೂ ಆರಿಸಿದೆ.

ಮಣ್ಣು ಮಾಡುವುದನ್ನು ಚರ್ಚಿನವರು ಲಿಂಕ್ ಕಳಿಸಿ ತೋರಿಸಿದರು. ಗಡಿ ದಾಟಲು ನನಗೆ ಅನುಮತಿ ಇರಲಿಲ್ಲ. ಬೆಳಗಿನ ಹತ್ತು ಗಂಟೆ. ಬಿಳಿ ಉಡುಪಿನ ನಾಲ್ವರು, ಅವರ ಮುಖವೂ ಕಾಣುತ್ತಿರಲಿಲ್ಲ. ಗುಂಡಿಗೆ ಅಡ್ಡ ಇಟ್ಟ ಹಲಗೆಗಳ ಮೇಲೆ ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ. ದೂರದಲ್ಲಿ ಕಪ್ಪು ಕೊಡೆಯ ಕೆಳಗೆ ಆಂಟಿ. ಪಾದ್ರಿಗಳು ಪ್ರಾರ್ಥನೆ ಓದುತ್ತಿದ್ದರು.

ಅಷ್ಟರಲ್ಲಿ ನನ್ನ ಫೋನು ಮಿನುಗಿತು. ಅಂಕಲ್‌ರ ಹೆಸರು, ಅಂಕಲ್‌ರ ಫೋಟೋ. ‘ಇಳಿಸಿದ್ರು ಮಗಾ.’

ಪರದೆ ನೋಡಿದೆ. ಪೆಟ್ಟಿಗೆ ಇನ್ನೂ ಮೇಲೆಯೇ ಇತ್ತು. ಹಗ್ಗಗಳು ಹುಲ್ಲಿನ ಮೇಲೆ ಬಿದ್ದಿದ್ದವು. ಆಂಟಿ ಕೊಡೆ ಹಿಡಿದು ನಿಂತೇ ಇದ್ದರು, ಕೈಯಲ್ಲಿ ಫೋನಿರಲಿಲ್ಲ. ಈ ಲಿಂಕೂ ತಡವಾಗಿಯೇ ಬರುತ್ತಿತ್ತು, ನಾನು ಮತ್ತೆ ಹಿಂದೆ ಬಿದ್ದ ಚಾನೆಲ್ಲಿನಲ್ಲಿದ್ದೆ.

ಎಷ್ಟು ಹೊತ್ತು ಉಳಿದಿದೆ ಎಂದು ನನಗೆ ಗೊತ್ತಿತ್ತು. ಪರದೆಗೆ ಮುಖ ತಾಗುವಷ್ಟು ಹತ್ತಿರ ಹೋಗಿ, “ಅಂಕಲ್, ನಾನು ಹಾಗನ್ನಬಾರದಿತ್ತು” ಎಂದೆ. ಅವರು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಬಿಳಿ ಉಡುಪಿನವರು ಬಗ್ಗಿ ಹಗ್ಗ ಎತ್ತಿಕೊಂಡರು.