ಶಿವಲೀಲಾಳ ತಾಟು

ನನ್ನ ಪಟ್ಟಿಯಲ್ಲಿ ಒಂದು ಸರ್ಕಾರಿ ಪ್ರೌಢಶಾಲೆ ಕೆಂಪಿನಿಂದ ಹಸಿರಿಗೆ ಏರಿತು. ಅದರ ಬೆಲೆಯನ್ನು ತೆತ್ತವಳು ಶಿವಲೀಲಾ ಎಂಬ ಹುಡುಗಿ. ಅವಳು ಪರೀಕ್ಷೆಯಲ್ಲಿ ನಾಪಾಸಾಗಿರಲಿಲ್ಲ. ನಾಪಾಸಾಗುವ ಅವಕಾಶವನ್ನೂ ಅವಳಿಂದ ಕಸಿದುಕೊಂಡಿದ್ದರು.

ಇವತ್ತು ಮಧ್ಯಾಹ್ನ ಬೈಲಹೊಂಗಲದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಈ ವರ್ಷದ ಹತ್ತನೇ ತರಗತಿಯ ಫಲಿತಾಂಶದ ಪಟ್ಟಿ ಮೊಬೈಲಿಗೆ ಬಂತು: ಶಾಲೆಯ ಹೆಸರು, ಪಾಸಾದವರ ಶೇಕಡಾವಾರು, ತಾಲೂಕಿನಲ್ಲಿ ಸ್ಥಾನ. ಅದನ್ನು ಓದುತ್ತಲೇ ರೊಟ್ಟಿಯ ಕೊನೆಯ ತುಣುಕನ್ನೆತ್ತಿದೆ. ತಾಟಿನ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಕಂಡಿತು. ಶಿವಲೀಲಾ. ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಈ ತಾಟು ಇಲ್ಲಿಗೆ ಬಂದ ಕಥೆಯನ್ನು ನಿಮಗೆ ಹೇಳಲೇಬೇಕು. ಅದರಲ್ಲಿ ನನ್ನ ತಪ್ಪೂ ಇದೆ.

ಕಾಲೇಜಿನ ನೌಕರಿಯಿಂದ ನಿವೃತ್ತಳಾದ ಮೇಲೆ ನಾಡನ್ನು ತಿದ್ದುವ ಕೆಲಸ ನನ್ನೊಬ್ಬಳಿಗೇ ಬಿಟ್ಟಿದೆ ಎಂಬ ಭ್ರಮೆ ನನಗಿತ್ತು. ಗೆಳತಿಯರನ್ನು ಕೂಡಿಸಿಕೊಂಡು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸರ್ಕಾರಿ ಪ್ರೌಢಶಾಲೆಗಳ ಫಲಿತಾಂಶವನ್ನು ಹೋಲಿಸಿ ಒಂದು ದೊಡ್ಡ ಪಟ್ಟಿ ಅಚ್ಚು ಹಾಕಿಸಿದೆ. ಚೆನ್ನಾಗಿ ಮಾಡಿದ ಶಾಲೆಗೆ ಹಸಿರು, ನಡುವಿನದಕ್ಕೆ ಹಳದಿ, ಹಿಂದುಳಿದದ್ದಕ್ಕೆ ಕೆಂಪು. ಬಸ್ ನಿಲ್ದಾಣಗಳ ಗೋಡೆಗೂ ಅಂಟಿಸಿದೆವು. ಒಮ್ಮೆ ನೇಸರಗಿಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ಪಕ್ಕದ ಶಿಕ್ಷಕಿಯನ್ನು, ಬೀಗತನ ಮಾಡುವವರು ಮನೆತನ ಕೇಳುವ ಧಾಟಿಯಲ್ಲಿ, “ನಿಮ್ಮ ಸಾಲೀದು ಯಾವ ಬಣ್ಣರೀ ಅಕ್ಕಾರ?” ಎಂದು ಕೇಳಿದಳು. ಆ ಶಿಕ್ಷಕಿ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಹಿಂದೆ ಕೂತು ಹೆಮ್ಮೆಪಟ್ಟೆ. ಆಗ ನಾಚಬೇಕಿತ್ತು.

ಮರುವರ್ಷ ಮಲಪ್ರಭೆಯ ದಂಡೆಯ ಒಂದು ಶಾಲೆ ಕೆಂಪಿನಿಂದ ನೇರವಾಗಿ ಹಸಿರಿಗೆ ಜಿಗಿಯಿತು. ನೂರಕ್ಕೆ ನೂರು! ಶಾಲು, ಹಾರ ಹಿಡಿದು ಸನ್ಮಾನಕ್ಕೆ ಹೋದೆ.

“ಬರ್ರಿ ಅಕ್ಕಾರ, ಕುಂಡ್ರಿ,” ಎಂದು ಹೆಡ್ಮಾಸ್ತರರು ಕುರ್ಚಿ ಎಳೆದರು. “ಹೋದ ವರ್ಷ ನಮ್ಮ ಸಾಲಿಗೆ ಕೆಂಪ ಬಳದಿದ್ರಿ. ಮಂದಿಗೆ ಮಾರಿ ತೋರಸದಂಗ ಆಗಿತ್ರಿ. ಈಗ ನೋಡ್ರಿ, ಮೆಣಸಿನಗಿಡದಂಗ ಹಸರ!”

ನಾವಿಬ್ಬರೂ ನಕ್ಕೆವು. ಭಾಷಣವನ್ನೂ ಮಾಡಿದೆ, ಅದು ಉದ್ದವಾಗಿಯೇ ಇತ್ತು. ಮುಗಿದ ಮೇಲೆ ಕೈ ತೊಳೆಯಲು ಬಿಸಿಯೂಟದ ಕೋಣೆಯ ಕಡೆ ಹೋದಾಗ ಅಡುಗೆಯ ನೀಲವ್ವ ಅಕ್ಕಿ ತೊಳೆಯುತ್ತಿದ್ದಳು.

“ಪಟ್ಟಿ ಮಾಡಿದವರು ನೀವ ಏನ್ರಿ?”

ಹೌದೆಂದೆ, ಹೊಗಳಿಕೆ ಬರುತ್ತದೆಂದು ಕಾದೆ.

“ಈ ಹುಡುಗೂರು ಒಂಬತ್ತರಾಗ ಇದ್ದಾಗ ಎಷ್ಟ ಅಕ್ಕಿ ಹಾಕತಿದ್ದೆ, ಹತ್ತಕ್ಕ ಬರೂದ್ರಾಗ ಎರಡ ಸೇರ ಕಮ್ಮಿ ಆತು. ಪಾಸಾದವರನ್ನ ನೀವು ಎಣಸ್ರಿ ಅಕ್ಕಾರ. ಉಣ್ಣಾಕ ಬರದವರನ್ನ ಯಾರು ಎಣಸಬೇಕು?”

ಆಮೇಲೆ ದನಿ ತಗ್ಗಿಸಿ ಎಲ್ಲ ಹೇಳಿದಳು. ಗಣಿತದಲ್ಲಿ ಹಿಂದುಳಿದ ಮಕ್ಕಳ ಪಾಲಕರನ್ನು ಹೆಡ್ಮಾಸ್ತರರು ಒಬ್ಬೊಬ್ಬರಾಗಿ ಕರೆಸಿ ಹೇಳಿದ್ದರಂತೆ: “ಇಲ್ಲಿಂದ ಕುಂತು ಬಿದ್ದರ ಸಾಲಿ ಹೆಸರ ಕೆಡತೈತಿ. ಈಗ ಹೆಸರ ತಗಸ್ರಿ, ಮುಂದ ಹೊರಗಿಂದ ಪರೀಕ್ಷೆ ಕಟ್ಟಸ್ರಿ.” ಹಾಗೆ ಹೊರಬಿದ್ದವರಲ್ಲಿ ನೀಲವ್ವನ ಮಗಳು ಶಿವಲೀಲಾಳೂ ಇದ್ದಳು. ನೀಲವ್ವ ಎದುರಾಡುವುದೆಂತು? ಅಡುಗೆಯ ಕೆಲಸದಲ್ಲಿ ಆಕೆಯನ್ನು ಇಟ್ಟುಕೊಳ್ಳುವವರೂ ಅದೇ ಹೆಡ್ಮಾಸ್ತರರು. ಊರ ಮಕ್ಕಳಿಗೆ ತಾಯಿ ನೀಡುವ ಹೊತ್ತಿಗೆ ಮಗಳು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು.

ಮಕ್ಕಳು ತಾಟು ಇಡುವ ಹಲಗೆಯ ಮೇಲೆ ಉಳಿದಿದ್ದ, ಮಗಳ ಹೆಸರಿನ ತಾಟನ್ನು ಒರೆಸಿ ನೀಲವ್ವ ನನ್ನ ಕೈಗಿತ್ತಳು. “ಒಯ್ರಿ. ನಿಮ್ಮ ಪಟ್ಟಿಯಾಗ ಜಾಗಾ ಸಿಗಲಿಲ್ಲ, ನಿಮ್ಮ ಮನ್ಯಾಗರ ಸಿಗಲಿ.”

ಮಕ್ಕಳನ್ನು ಹೊರದಬ್ಬಿದ್ದು ಹೆಡ್ಮಾಸ್ತರರ ತಪ್ಪು. ದಾಖಲಾತಿ ಪುಸ್ತಕ ಕೈಯಲ್ಲಿದ್ದೂ ಅದನ್ನು ನೋಡದ ಅಧಿಕಾರಿಗಳದ್ದು ಇನ್ನೊಂದು. ಅವಮಾನಕ್ಕೆ ಬಣ್ಣ ಬಳಿದು ಗೋಡೆಗೆ ಅಂಟಿಸಿದ್ದು ನನ್ನದು. ಮೂರನೆಯದನ್ನು ಬರೆಯುವಾಗ ನನ್ನ ಪೆನ್ನು ತುಸು ತಡವರಿಸುತ್ತದೆ, ಆದರೂ ಬರೆದಿದ್ದೇನೆ.

ಆಮೇಲೆ ಕೆಂಪು ಬಣ್ಣದ ಶಾಲೆಗಳನ್ನೇ ಹುಡುಕಿಕೊಂಡು ಹೋದೆ. ರಾಮದುರ್ಗದ ಕಡೆಯ ಒಂದು ಶಾಲೆಯಲ್ಲಿ ಒಂಬತ್ತರಲ್ಲಿದ್ದ ಮಕ್ಕಳೆಲ್ಲ ಹತ್ತರ ಹಾಜರಿಯಲ್ಲೂ ಇದ್ದರು. ಕೆಲವರು ಪರೀಕ್ಷೆಯಲ್ಲಿ ಬಿದ್ದಿದ್ದರು. ಬಿದ್ದವರು ಸಂಜೆ ಮತ್ತೆ ಅಲ್ಲೇ ಕೂತು ಓದುತ್ತಿದ್ದರು. “ಇವರ ಹೆಸರು ತೆಗೆದಿದ್ದರೆ ನೀವು ಹಸಿರಾಗುತ್ತಿದ್ದಿರಿ,” ಎಂದೆ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕನಿಕರದಿಂದ ನೋಡಿದರು. “ಬಿದ್ದವರೂ ನಮ್ಮವರ ಅಲ್ಲೇನ್ರಿ?”

ಶಿವಲೀಲಾ ಹೊರಗಿನ ಅಭ್ಯರ್ಥಿಯಾಗಿ ಅರ್ಜಿ ಹಾಕಿದಳು. ಭಾನುವಾರಗಳಂದು ನಮ್ಮ ಮನೆಗೆ ಬಂದು ಇದೇ ತಾಟಿನಲ್ಲಿ ಉಂಡು ಗಣಿತಕ್ಕೆ ಕೂರುತ್ತಿದ್ದಳು. ಕನ್ನಡ ಕಲಿಸಿದವಳ ಗಣಿತ ಎಷ್ಟಿದ್ದೀತು! “ಅಕ್ಕಾರ, ಉತ್ತರ ತಪ್ಪೈತ್ರಿ. ಬಿಡ್ರಿ, ನಾನ ಮಾಡತೇನಿ,” ಎಂದು ಅವಳೇ ಪೆನ್ಸಿಲ್ ಕಸಿದುಕೊಳ್ಳುತ್ತಿದ್ದಳು. ಗಣಿತದಲ್ಲಿ ಕಚ್ಚಾ ಎನಿಸಿಕೊಂಡ ಹುಡುಗಿ ಅವಳೇ.

ಈಗ, ಊಟದ ತಾಟು ಎದುರಿಗಿರುವಾಗಲೇ, ಅವಳ ಫೋನು ಬಂತು.

“ಅಕ್ಕಾರ, ಪಾಸಾದೇನ್ರಿ! ಅವ್ವ ಅಳಾಕ ಹತ್ತ್ಯಾಳ, ಸುಮ್ನ ಆಗವಲ್ಲಳು.” ಒಂದು ಕ್ಷಣ ಬಿಟ್ಟು ಕೇಳಿದಳು: “ಅಲ್ರೀ, ನಾ ಯಾವ ಸಾಲಿ ಲೆಕ್ಕಕ್ಕ ಬರತೇನಿ?”

ಮೊಬೈಲಿನಲ್ಲಿದ್ದ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಯಾವ ಶಾಲೆಯ ಲೆಕ್ಕದಲ್ಲೂ ಅವಳಿಲ್ಲ.

ಆದ್ದರಿಂದ ಶಿಕ್ಷಣ ಇಲಾಖೆಯ ಅಧಿಕಾರಿಗಳೇ, ಹೋಲಿಕೆಯನ್ನು ನಿಲ್ಲಿಸಿರೆಂದು ನಾನು ಕೇಳುವುದಿಲ್ಲ; ಪ್ರಾಮಾಣಿಕವಾಗಿ ಹೋಲಿಸಿ. ಮುಂದಿನ ಪಟ್ಟಿಯಲ್ಲಿ ಪ್ರತಿ ಶಾಲೆಯ ಶೇಕಡಾವಾರಿನ ಪಕ್ಕದಲ್ಲಿ ಒಂಬತ್ತನೇ ತರಗತಿಯಲ್ಲಿ ಇದ್ದವರೆಷ್ಟು, ಅದೇ ಶಾಲೆಯಿಂದ ಹತ್ತರ ಪರೀಕ್ಷೆಗೆ ಕೂತವರೆಷ್ಟು ಎಂಬುದನ್ನು ಅಚ್ಚು ಹಾಕಿ. ನಡುವೆ ಬಿಟ್ಟುಹೋದ ಪ್ರತಿ ಮಗುವಿನ ಕಾರಣವನ್ನು ಮುಖ್ಯೋಪಾಧ್ಯಾಯರಿಂದ ಬರೆಸಿ, ಸಹಿ ಹಾಕಿಸಿ, ತಾಯಿಯನ್ನು ಕರೆದು ಓದಿ ಹೇಳಿ. ಮಲಪ್ರಭೆಯ ದಂಡೆಯ ಆ ಶಾಲೆಯಿಂದಲೇ ಶುರು ಮಾಡಿ, ನೀಲವ್ವನನ್ನೇ ಮೊದಲು ಕರೆಯಿರಿ.